ಸಮುದ್ರದಾಗಿನ ಹದ್ದು

ಇಲ್ಲ ಟೀಚರ್ರ, ನೀವು ಮೊದಲ ಹದ್ದಿನ ಕಡಿ ನೋಡ್ರಿ, ಆಮ್ಯಾಲ ನನ್ನ ಕಡಿ ನೋಡ್ರಿ. ಬಂದಾಗಿಂದ ಬರೇ ನನ್ನ ಮಾರಿನ ನೋಡಾಕತ್ತೀರಿ. ನನ್ನ ಮಾರ್ಯಾಗ ಏನದ? ನೋಡೂದು ಇರೂದೆಲ್ಲ ಗ್ವಾಡಿ ಮ್ಯಾಲ ಅದ. ಆ ರೆಕ್ಕಿ ನೋಡ್ರಿ. ಒಂದೊಂದು ಗರಿ ಬ್ಯಾರೆ ಬ್ಯಾರೆ ಕಾಣತದೋ ಇಲ್ಲೋ? ಎರಡು ದಿನ ನಿಚ್ಚಣಿಕಿ ಮ್ಯಾಲ ನಿಂತು ಬರದೀನಿ. ಈ ದೇವಾಪುರದ ಶಾಲಿ ಕಟ್ಟಿದಾಗಿಂದ ಇಂಥಾ ಹಕ್ಕಿ ಈ ಗ್ವಾಡಿಗಿ ಬಂದು ಕುಂತಿದ್ದಿಲ್ಲ.

ಹಾಂ, ನಕ್ರಿ. ನಾ ನೋಡ್ದೆ. ಛಲೋ ಆತು. ಕೂಡ್ರಿ... ಆ ಬೆಂಚಿನ ಮ್ಯಾಲ ಬ್ಯಾಡ, ಹಸಿ ಬಣ್ಣ ಅದ, ಸೀರಿಗಿ ಹತ್ತತದ. ಈ ಕಟ್ಟಿ ಮ್ಯಾಲ ಕೂಡ್ರಿ.

ಗೊತ್ತದ ನನಗ, ಸಮುದ್ರದಾಗ ಹದ್ದು ಯಾಕ ಬಂತು ಅಂತ ಕೇಳಾಕ ಬಂದೀರಿ. ನಕಾಶೆದಾಗ ಭಾರತ ಬರೋಬ್ಬರಿ ಅದ. ಶ್ರೀಲಂಕಾ ಬರೋಬ್ಬರಿ ಅದ. ನೀರು ನೀಲಿನ ಅದ. ಆ ಎರಡರ ನಡುವಿನ ನೀರಿನಾಗ ಒಂದು ಹಕ್ಕಿ ರೆಕ್ಕಿ ಬಿಚ್ಚಿ ಕುಂತದ, ಅಷ್ಟ ಗಲತಿ. ಆದ್ರ ಗಲತಿ ಯಾರದು? ಹೆಡ್ ಮಾಸ್ತರ ವಿಶ್ವರಾಧ್ಯ ಸರ್ ನಿನ್ನಿ ಮುಂಜಾನಿ ಬಂದು ನೋಡಿದ್ರು. "ಏ ಹಣಮೇಶ, ಇದೇನಪಾ" ಅಂದ್ರು. "ಹದ್ದು ಸರ್" ಅಂದೆ. "ಹದ್ದು ಅಂಬೂದು ನನಗೂ ಕಾಣತದ, ಇಲ್ಲಿ ಯಾಕದ" ಅಂದ್ರು. "ಪಂಚಶೀಲಾ ಟೀಚರ್ ಚೀಟಿ ಬರಕೊಟ್ಟಾರ ಸರ್, ಎರಡು ದೇಶದ ನಡುವ ಹದ್ದು ತೋರಸು ಅಂತ" ಅಂದೆ. ಇದ್ದದ್ದು ಇದ್ದಂಗ ಹೇಳಿದೆ. ಅವರು ನಿಮಗ ವಿವರಣೆ ಬರದು ಕೊಡು ಅಂತಾರ ಅಂತ ನನಗೇನು ಕನಸು ಬಿದ್ದಿತ್ತೇನ್ರಿ? ನಿಮ್ಮದು ಹೊಸಾ ನೌಕರಿ, ಇನ್ನಾ ಪ್ರೊಬೇಷನ್ ಮುಗಿದಿಲ್ಲ, ಎಲ್ಲಾ ಗೊತ್ತದ. ನಿಮ್ಮ ಅಪ್ಪ ಬುದ್ಧಪ್ರಿಯಣ್ಣ ಈಗ ಬಸ್ ಸ್ಟ್ಯಾಂಡಿನಾಗ ಕಂಡ. ನಾನು ನಮಸ್ಕಾರ ಅಂದ್ರ ಅಂವ ಬಸ್ಸಿನ ಬೋರ್ಡ್ ಓದಿಕೊಂತ ನಿಂತ. ಮೂವತ್ತು ವರ್ಷದ ಗೆಳೆತನ ನಮ್ಮದು.

ಏನಂದ್ರಿ? ಹದ್ದು ಅಂತ ಬರದೇ ಇಲ್ಲ ನೀವು? ಗಡಿ ಅಂತ ಬರದಿದ್ರಿ?

ಅಗಾ. ಈಗ ಗಡಿ ಅಂತೀರಿ. ಗಡಿ ಅಂತ ಬರದಿದ್ರ ಹಕ್ಕಿ ಬರ್ಯಾಕ ನಾನೇನು ಹುಚ್ಚನ? ಒಂದು ಗೆರಿ ಹೊಡದು, ಬ್ರಶ್ ತೊಳಕೊಂಡು, ಹನ್ನೆರಡರ ಬಸ್ಸಿಗಿ ಸುರಪುರಕ್ಕ ಹೋಗಿ ಮನ್ಯಾಗ ರೊಟ್ಟಿ ಉಣತಿದ್ದೆ. ನೀವು ತರಬೇತಿಗಂತ ಮೂರು ದಿನ ಯಾದಗಿರಿಗಿ ಹೊಂಟಿದ್ರಿ. ಗಡಬಡ್ಯಾಗ ಚೀಟಿ ಬರದು, ನಮ್ಮ ಮನ್ಯಾಕಿ ಸುಮಲತಾನ ಕೈಯಾಗ ಕೊಟ್ಟು, ಓಡಿ ಹೋಗಿ ಬಸ್ ಹತ್ತಿದ್ರಿ. ಗಡಬಡ್ಯಾಗ ಕೈ ಏನು ಬರೀತದ ಅಂಬೂದು ತಲಿಗಿ ಗೊತ್ತಿರೂದಿಲ್ರಿ. ಆಗತದ. ದೊಡ್ಡ ದೊಡ್ಡವರಿಗಿ ಆಗತದ.

ಮತ್ತ ಆ ಮಾತರೆ ಎಂಥಾ ಮಾತು ಅಂತೀನಿ. ಹದ್ದು. ಕೋಳಿಮರಿ ಹೊತ್ತಕೊಂಡು ಹೋಗತದಲ್ಲ, ಅದೂ ಹದ್ದು. ಸರ್ವೇದಾಂವ ಹೊಲಕ್ಕ ಬಂದು ಸರಪಳಿ ಎಳೀತಾನಲ್ಲ, ಹದ್ದಬಸ್ತ ಅಂತ, ಹೊಲದ ಗಡಿ ಗುರ್ತು ಮಾಡಾಕ, ಅದೂ ಹದ್ದು. ನಮ್ಮವ್ವ ನಾ ಸಣ್ಣಾಂವ ಇದ್ದಾಗ "ಹದ್ದು ಮೀರಬ್ಯಾಡ ಮಗನ" ಅಂತಿದ್ಲು, ನಾ ಮ್ಯಾಲ ಆಕಾಶ ನೋಡತಿದ್ದೆ, ಎಲ್ಲದ, ಎಷ್ಟು ಎತ್ತರ ಹಾರಾಕತ್ತದ ಅಂತ. ನಿಜಾಮರು ಹೋಗಿ ಎಷ್ಟು ವರ್ಷ ಆತು. ಅವರ ಉರ್ದು ಹದ್ದು ಮಾತ್ರ ಇನ್ನಾ ನಮ್ಮ ಬಾಯಾಗ ಗೂಡು ಕಟ್ಟಿ ಕುಂತದ. ಬೆಂಗಳೂರು ಕಡಿ ಪೇಂಟರಿಗಿ ಈ ಪಜೀತಿ ಇಲ್ರಿ. ಅವರಿಗಿ ಹದ್ದು ಅಂದ್ರ ಹಕ್ಕಿ, ಮುಗೀತು.

ಪುಸ್ತಕದಾಗಿನ ನಕಾಶೆ? ಕೊಟ್ಟಿದ್ರಿ, ಇಲ್ಲ ಅನ್ನೂದಿಲ್ಲ. ಝೆರಾಕ್ಸ್ ಇತ್ತಲ್ಲ ಅದು. ನೀರಿನ ನಡುವ ಚುಕ್ಕಿ ಚುಕ್ಕಿ ಇತ್ತು ಖರೆ. ನಾನು ಝೆರಾಕ್ಸ್ ಮಷೀನಿನ ಹೊಲಸು ಅನಕೊಂಡು ಬಿಟ್ಟೆ. ನೀವ ಹೇಳ್ರಿ, ನೀರಿನ ಮ್ಯಾಲ ಗೆರಿ ಇರತದ ಅಂತ ಯಾವ ಪೇಂಟರ್ ನಂಬತಾನ? ಇಪ್ಪತ್ತೆಂಟು ವರ್ಷ ಆತು ಬಣ್ಣ ಹಿಡದು. ಹಸಿ ಗ್ವಾಡಿ ಮ್ಯಾಲನ ಬಣ್ಣ ನಿಂದ್ರೂದಿಲ್ಲ, ಮೂರು ತಿಂಗಳಿಗಿ ಹಪ್ಪಳದಂಗ ಎದ್ದು ಬರತದ. ಇವರು ಸಮುದ್ರದ ಮ್ಯಾಲ ಗೆರಿ ಹೊಡದಾರ. ಯಾವ ಕಂಪನಿ ಬಣ್ಣ ಅಂತ ಕೇಳಬೇಕು.

ನಗ್ರಿ, ನಗ್ರಿ. ಆದ್ರ ನೀವು ತರಬೇತಿಗಿ ಹೋಗೂ ಮೊದಲ ನನಗ ಇಲ್ಲೇ ನಿಂತು ಹೇಳಿದ್ರಿ, ನೆನಪದ. ಇವೆರಡೂ ದೋಸ್ತಿ ದೇಶ, ಮದ್ದು ಗುಂಡು ಇಲ್ಲ, ಆದ್ರ ನೀರಿನಾಗ ಜಗಳ ಅದ ಅಂತ. ಅಲ್ಲೊಂದು ಚೂರು ದ್ವೀಪ ಅದ, ಕುಡಿಲಾಕ ಸಿಹಿ ನೀರು ಸೈತ ಇಲ್ಲ, ಒಂದು ಚರ್ಚ್ ಅದ, ವರ್ಷಕ್ಕೊಮ್ಮೆ ಎರಡೂ ಕಡಿ ಮಂದಿ ಹೋಗಿ ಮೇಣಬತ್ತಿ ಹಚ್ಚಿ ಬರತಾರ ಅಂತ. ಐವತ್ತು ವರ್ಷದ ಹಿಂದ ಕೂತು ಮಾತಾಡಿ, ಅದು ಅವರ ಕಡಿ ಅಂತ ಕಾಗದ ಮಾಡ್ಯಾರ, ಇನ್ನಾ ನಮ್ಮವರು ಅದರ ಮಾತ ತೆಗೀತಾರ ಅಂತ. ಹೆಸರೇನಂದ್ರಿ? ಕಚ್ಚತೀವು. ಅಲ್ರಿ, ಆ ಹೆಸರು ಇಟ್ಟಮ್ಯಾಲ ಜಗಳ ಆಗಲಾರದ ಇರತದೇನು? ಕಚ್ಚತೀವಿ ಅಂತ ಮೊದಲ ಹೇಳಿ ಇಟ್ಟದ ಅದು. ಎರಡೂ ದೇಶದ ಸಾಹೇಬ್ರು ಕೈ ಕುಲುಕತಾರ, ಹೂವಿನ ಹಾರ ಹಾಕತಾರ, ಅಣ್ಣ ತಮ್ಮ ಅಂತಾರ. ಇತ್ತ ಮೀನ ಹಿಡಿಯೋ ಬಡವನ ದೋಣಿ ಗೆರಿ ದಾಟ್ತು ಅಂತ ಜಪ್ತಿ ಮಾಡತಾರ. ಆ ಬಡವಗ ಗೆರಿ ಕಾಣಬೇಕಲ್ಲ. ಮೀನಿಗರೆ ಕಾಣತದೇನು?

ನಮ್ಮ ತಿಂಥಣಿಯಾಗ ನೋಡ್ರಿ. ನಮ್ಮ ಸುಮಲತಾನ ಅಣ್ಣ ಮರಿಲಿಂಗಪ್ಪ ಹೊಳಿಯಾಗ ತೆಪ್ಪ ಹಾಕತಾನ. ಈ ದಂಡಿ ನಮ್ಮ ಜಿಲ್ಲಾ, ಆ ದಂಡಿ ರಾಯಚೂರು ಜಿಲ್ಲಾ. ಆ ದಂಡಿಯವರು ಇಂವಗ ಬೀಗರೂ ಹೌದು, ಬಲಿ ಕದಿಯವರೂ ಹೌದು. ಮುಂಜಾನಿ "ನನ್ನ ಬಲಿಗಿ ಕೈ ಹಚ್ಚಿದ್ರ ಕೈ ಮುರೀತೀನಿ" ಅಂತ ತೆಪ್ಪದಾಗ ನಿಂತು ಒದರತಾನ, ಸಂಜಿಕ ಅವರ ಮನ್ಯಾಗನ ಕುಂತು ಮೀನ ಸಾರು ಹೊಡೀತಾನ. ಯಾವ ಕಾಗದನೂ ಮಾಡಿಲ್ಲ. ನಡೀತದ. ದೊಡ್ಡವರು ಹಿಂಗ ಸಾರು ಕುಡದು ಮಾತಾಡಿದ್ರ ಅರ್ಧ ಜಗಳ ಮುಗೀತಿತ್ತು ಅಂತೀನಿ.

ಅದಕ್ಕ, ನಾ ಬರದ ಹದ್ದು ಲೆಕ್ಕ ಹಾಕಿ ನೋಡಿದ್ರ ಗಲತಿನ ಅಲ್ಲ. ಆ ಕಚ್ಚೂ ದ್ವೀಪ ಎಲ್ಲದ ಈಗ? ಹುಡುಕ್ರಿ. ಬಲಗಡಿ ರೆಕ್ಕಿ ಕೆಳಗ ಹೋಗಿಬಿಟ್ಟದ. ಅವರಿಗೂ ಇಲ್ಲ, ನಮಗೂ ಇಲ್ಲ. ಹಕ್ಕಿ ಕಾವು ಕೊಡಾಕತ್ತದ. ಜಗಳನ ಮುಗೀತಲ್ರಿ.

ಹಾಂ, ಮೊಬೈಲಿನಾಗ ಬಂದದ್ದು ನಾನೂ ನೋಡೀನಿ. ಯಾರೋ ಫೋಟೋ ಹೊಡದು ಗ್ರೂಪಿಗಿ ಹಾಕ್ಯಾರ. ಒಬ್ಬಾಂವ ಹೇಳ್ತಾನ, ಹದ್ದಿನ ಚುಂಚು ಶ್ರೀಲಂಕಾದ ಕಡಿ ಅದ, ಇದು ನೆರಿಮನಿಯವರಿಗಿ ಹೆದರಿಸಿದಂಗ ಅಂತ. ಇನ್ನೊಬ್ಬಾಂವ ಹೇಳ್ತಾನ, ಹದ್ದಿನ ಬಾಲ ಭಾರತದ ಕಡಿ ಅದ, ಇದು ದೇಶಕ್ಕ ಅಪಮಾನ ಅಂತ. ಒಂದ ಹಕ್ಕಿ, ಅದಕ್ಕ ಒಂದು ಚುಂಚು ಒಂದು ಬಾಲ ಇರಬೇಕೋ ಬ್ಯಾಡೋ? ಎತ್ತ ತಿರುವಿದ್ರೂ ಒಂದು ದೇಶಕ್ಕ ಬಾಲ ಬರತದ. ವಿಶ್ವರಾಧ್ಯ ಸರ್ ಚಿಂತಿ ಅದ. ಇವತ್ತ ತಾಲೂಕಿನಿಂದ ಸಾಹೇಬ್ರು ಬರತಾರಲ್ಲ, ಅವರು ಚುಂಚು ನೋಡತಾರೋ ಬಾಲ ನೋಡತಾರೋ ಅಂತ.

ಇಲ್ಲ, ಅಳಸೂದು ದೊಡ್ಡ ಮಾತಲ್ಲ. ಒಂದು ಕೋಟ್ ನೀಲಿ ಬಣ್ಣ ಹೊಡದ್ರ ಹದ್ದು ನೀರಿನಾಗ ಮುಳಗತದ, ಅರ್ಧ ತಾಸಿನ ಕೆಲಸ. ಆದ್ರ ಅಳಿಸಿದ ಮ್ಯಾಲನೂ ಕೇಳತಾರ, ಬರದದ್ದು ಯಾಕ ಅಂತ. ಅಲ್ಲಿ ನನ್ನ ಅನ್ನ ಅದ ಟೀಚರ್ರ. ಬಿಚ್ಚಿ ಹೇಳ್ತೀನಿ. ನೀವ ನನ್ನ ಹೆಸರು ಹೇಳೀರಿ, ತಾಲೂಕಿನ ಇಪ್ಪತ್ತೆರಡು ಶಾಲಿ ಗ್ವಾಡಿ ಇಂವಗ ಕೊಡ್ರಿ, ಇಂವನ ಕೈ ಶುದ್ಧ ಅದ ಅಂತ. ನಿಮ್ಮ ಉಪಕಾರ ಮರಿಯೂದಿಲ್ಲ. ಈ ಫ್ಲೆಕ್ಸ್ ಮಷೀನು ಬಂದಮ್ಯಾಲ ಸುರಪುರದಾಗ ಬ್ರಶ್ ಹಿಡಿಯಾಂವ ನಾನೊಬ್ಬನ ಉಳದೀನಿ. ಮೊದಲ ಗ್ವಾಡಿಯಾಗನ ಪೇಂಟರ್ ಗಲತಿ ಮಾಡ್ಯಾನ ಅಂತ ಸಾಹೇಬ್ರಿಗಿ ಹೋತಂದ್ರ, ಉಳಿದ ಇಪ್ಪತ್ತೊಂದು ಗ್ವಾಡಿ ಹೋದಂಗ.

ಅದೂ ಎಂಥಾ ಪೇಂಟರ್? ಇಪ್ಪತ್ತೆಂಟು ವರ್ಷದಾಗ ಒಂದು ಕಾಗುಣಿತ ತಪ್ಪಿಲ್ಲ. ಹೋಗಿ ಸುರಪುರ ಬಜಾರದಾಗ ಕೇಳ್ರಿ. ಫ್ಲೆಕ್ಸಿನವರು ಶಾಂತಾದೇವಿ ಅಂಬೂದನ್ನ ಶಾತಾದೇವಿ ಮಾಡತಾರ, ನಾ ಮಾಡೂದಿಲ್ಲ. ಗಿರಾಕಿ ಹಾಳಿಯಾಗ ಹೆಂಗ ಬರಕೊಡತಾನ ಹಂಗ, ಒಂದು ಕೂದಲೆಳಿ ಅತ್ತ ಇತ್ತ ಆಗೂದಿಲ್ಲ. ಹೋಟ್ಲ ಪಂಪಣ್ಣ ಒಮ್ಮೆ ಬೋರ್ಡಿಗಂತ ಹಾಳಿ ಬರಕೊಟ್ಟಿದ್ದ. ನಡುವ ಒಂದು ಶಬ್ದ ತಪ್ಪಾಗಿತ್ತಂತ, ಮ್ಯಾಲ ಎರಡು ಸಲ ಗೀಚಿ, ಮಗ್ಗಲಕ ಮತ್ತ ಬರದಿದ್ದ. ನಾ ಗೀಚಿದ್ದೂ ಸೇರಿಸಿ ಬರದೆ. ಆರು ಫೂಟಿನ ಬೋರ್ಡು, ಕೆಂಪು ಅಕ್ಷರ, ಮ್ಯಾಲ ಎರಡು ಕರಿ ಗೆರಿ, ಬಾಳ ಚಂದ ಬಂದಿತ್ತು. ಪಂಪಣ್ಣ ಕುಣದಾಡಿದ. ನಾನಂದೆ, ನೋಡು ತಮ್ಮಾ, ನೀ ಕೊಟ್ಟದ್ದು ನಾ ಬರದೀನಿ, ನಿನ್ನ ಹಾಳಿಗಿ ನಾ ನಿಯತ್ತಾಗಿದ್ದೀನಿ, ನಿನ್ನ ಗಲತಿ ನಾನ್ಯಾಕ ತಿದ್ದಲಿ? ಹೌದಿಲ್ಲೋ?

...ಹಂಗ ಯಾಕ ನೋಡಾಕತ್ತೀರಿ? ಇದು ನಗೂ ಮಾತು ಟೀಚರ್ರ, ಎಲ್ಲಾರೂ ನಗತಾರ ಇಲ್ಲಿಗಿ.

ಇರಲಿ. ಈಗ ನಾವಿಬ್ಬರೂ ದೋಸ್ತಿ ದೇಶ ಅನಕೋರಿ. ಕೂತು ಒಂದು ಒಪ್ಪಂದ ಮಾಡಕೊಳ್ಳಾಣ. ನಿಮ್ಮ ವಿವರಣೆದಾಗ ಒಂದ ಮಾತು ಬರೀರಿ, "ನಾನು ಗಡಿ ಎಂಬ ಅರ್ಥದಾಗ ಹದ್ದು ಅಂತ ಬರದಿದ್ದೆ, ಪೇಂಟರ್ ಅದನ್ನ ಹಕ್ಕಿ ಅಂತ ತಿಳಕೊಂಡ." ಮುಗೀತು. ನಿಮ್ಮದೂ ಗಲತಿ ಅಲ್ಲ, ನಂದೂ ಅಲ್ಲ, ಮಾತಿನ ಗಲತಿ. ಮಾತಿಗೇನು ನೋಟೀಸು ಕೊಡತಾರ?

ಸುಳ್ಳು ಬರಿಯೂದಿಲ್ಲ ಅಂತೀರಿ. ಅಬ್ಬಬ್ಬಾ. ಹೆಸರಿಗಿ ತಕ್ಕಂಗ ಇದ್ದೀರಿ. ನಿಮ್ಮ ಕೇರಿ ಬುದ್ಧ ವಿಹಾರದ ಗ್ವಾಡಿ ಮ್ಯಾಲ ಆ ಐದು ಶೀಲ ಬರದಾಂವ ನಾನ, ಗೊತ್ತದೇನು? ನಿಮ್ಮ ಅಪ್ಪ ಹಾಳಿ ಬರಕೊಟ್ಟು, ಮಗ್ಗಲಕ ನಿಂತು ಒಂದೊಂದ ಬಾಯಿಲೆ ಹೇಳತಿದ್ದ. ನಾಕನೇದು ಸುಳ್ಳಿಂದು. ಈಗ ನಾ ನಿಮಗ ಸುಳ್ಳು ಬರಿ ಅನ್ನಾಕತ್ತಿಲ್ರಿ. ನೀವು ಬರದದ್ದನ್ನ ಬರದೀನಿ ಅನ್ರಿ ಅಂತೀನಿ. ಪುರಾವಿ ಇಲ್ಲದ ಮಾತಾಡಾಂವ ಅಲ್ಲ ಈ ಹಣಮೇಶ. ಚೀಟಿ ಅದ ನನ್ನ ಹತ್ರ. ಹೌದು, ಇಟ್ಟೀನಿ. ಬಣ್ಣದ ಡಬ್ಬಿಯಾಗ ಜ್ವಾಕಿ ಮಾಡೀನಿ. ವಿಶ್ವರಾಧ್ಯ ಸರ್ ಬಂದ ಕೂಡಲೆ ಅವರ ಕೈಯಾಗ ಕೊಡಾಣಂತ ತಂದೀನಿ.

ತಡೀರಿ... ಇದು ಅಲ್ಲ, ಇದು ಟರ್ಪೆಂಟಾಯಿಲ್ ಬಿಲ್ಲು... ಹಾಂ. ಇದ ನೋಡ್ರಿ. ಜರಾ ಚಾದ ಕಲಿ ಬಿದ್ದದ, ಬ್ಯಾಸರ ಮಾಡಕೋಬ್ಯಾಡ್ರಿ. ಅವತ್ತ ಅನ್ವರಬಿ ಚಾದ ಹೋಟ್ಲಿನಾಗ ಕುಂತಿದ್ದೆ. ನನ್ನ ಕೈತುಂಬ ಬಣ್ಣ. ಅದಕ್ಕ ಆಕಿನ ಬಿಚ್ಚಿ ಓದಿದ್ಲು. ಆಕಿ ನಾಕನೇತ್ತ ತನಕ ಕನ್ನಡ ಶಾಲಿ ಕಲತಾಳ, ಬರೋಬ್ಬರಿ ಓದತಾಳ. ಕನ್ನಡದಾಗ ಓದೂದು, ತನ್ನ ಉರ್ದು ಮಾತಿನಾಗ ಹೇಳೂದು. "ದೋನೋ ಮುಲ್ಕ್ ಕೆ ಬೀಚ್ ಮೆ ಹದ್ದ್ ದಿಖಾನಾ ಕತೆ, ಹಣಮೇಶಣ್ಣಾ" ಅಂದ್ಲು. ಎರಡು ದೇಶದ ನಡುವ ಹದ್ದು ತೋರಸಬೇಕಂತ. ಹದ್ದ್ ಅಂದ್ಲು, ನನ್ನ ಕಿವಿಲೆ ಕೇಳೀನಿ. ತೊಗೋರಿ. ನಿಮ್ಮ ಅಕ್ಷರನ ಹೌದಿಲ್ಲೋ ನೋಡ್ರಿ.

ಸಿಕ್ತೇನು?

ಯಾಕ ಚೀಟಿ ಬಿಟ್ಟು ನನ್ನ ಮಾರಿ ನೋಡಾಕತ್ತೀರಿ? ಇಷ್ಟೊತ್ತು ಗಡಿ ಗಡಿ ಅಂತ ವಾದ ಮಾಡತಿದ್ರಿ. ಈಗ ಚೀಟಿ ಕೈಯಾಗ ಬಂತು... ಇರಲಿ ಬಿಡ್ರಿ. ನಾ ಊರಾಗ ಹೇಳಕೊಂತ ತಿರುಗೂದಿಲ್ಲ. ಮನುಷ್ಯಾರಿಗಿ ಮರವು ಆಗತದ.

ನನಗ್ಯಾಕ ಕೊಡ್ತೀರಿ ವಾಪಸ್ಸು? ನನಗ ಗೊತ್ತದಲ್ಲ ಅದರಾಗ ಏನದ ಅಂತ. ...ಬಟ್ಟು ಇಟ್ಟು ತೋರಸಾಕತ್ತೀರಿ. ಚಸ್ಮಾ ತಂದಿಲ್ರಿ. ...ಇದಾ? ಕಿಸೆದಾಗಿಂದು? ಇದು ದೂರಿಂದು, ನಿಚ್ಚಣಿಕಿ ಮ್ಯಾಲ ನಿಂತಾಗ ಹಾಕೊಳ್ಳೂದು. ಹತ್ತರಿಂದು ಮನ್ಯಾಗದ.

ಆತು, ಓದ್ತೀನಿ. ನನಗೇನು ಹೆದರಿಕಿ? "ಎರಡು ದೇಶದ ನಡುವ... ಸಮುದ್ರದಾಗ... ಹದ್ದು... ತೋರಸಬೇಕು." ಹಿಂಗ ಅದಲ್ಲ? ನಿಮ್ಮ ಬಟ್ಟಿನ ಕೆಳಗಿಂದು ಹದ್ದು.

ಅಲ್ಲೇನು?

ಬಟ್ಟು ತೆಗೀರಿ ಜರಾ, ಬೆಳಕಿಗಿ ಹಿಡದು ನೋಡತೀನಿ. ...ತಡೀರಿ. ಇವೆರಡು ಅಕ್ಷರ ನಾ ಬಲ್ಲೆ. ಕುದರಿ ಲಾಳ ಬೋರಲ ಹಾಕಿದಂಗ ಒಂದು. ಅದರ ಮಗ್ಗಲಕ ಹೊಟ್ಟಿ ಇದ್ದದ್ದು, ತಲಿ ಮ್ಯಾಲ ಸುರುಳಿ. ಇವನ್ನ ಎಷ್ಟು ಬರದೀನಿ, ಕಣ್ಣು ಮುಚ್ಚಿ ಬರೀತೀನಿ. ಕಿರಾಣಿ ಅಂದ ಮ್ಯಾಲ ಇವ ಬರತಾವ, ಬಟ್ಟಿ ಅಂದ ಮ್ಯಾಲ ಇವ ಬರತಾವ, ಚಪ್ಪಲ್ ಅಂದ ಮ್ಯಾಲನೂ ಇವ. ಅಂಗಡಿ. ಅಂಗಡಿ ಅದು. ಸಿಕ್ಕಿದ್ರಿ ನೋಡ್ರಿ, ಕಾಗುಣಿತ ತಪ್ಪು ನಿಮ್ಮದ ಅದ. ಮೊದಲಿನ ಅಕ್ಷರ ಬಿಟ್ಟೀರಿ, ಆ ಸೊನ್ನಿ ಇದ್ದದ್ದು. ಅಂ ಬಿಟ್ಟೀರಿ ಟೀಚರ್ರ. ಅಂ ಇಲ್ಲದ ಅಂಗಡಿ ಹೆಂಗ ಆಗತದ? ಅಂ ಬಿಟ್ರ ಉಳಿಯೂದು ಬರೇ...

...ಬರೇ ಗಡಿ.

...

ಟೀಚರ್ರ, ಬೈರಿ. ಹಿಂಗ ನಿಂದ್ರಬ್ಯಾಡ್ರಿ. ನಮ್ಮ ಸುಮಲತಾಗೂ ಗೊತ್ತಿಲ್ಲ ಇದು, ಲಗ್ನ ಆಗಿ ಇಪ್ಪತ್ನಾಕು ವರ್ಷ ಆತು. ಮುಂಜಾನಿ ಪೇಪರ್ ಬಿಚ್ಚಿ ಹಿಡಕೊಂಡು ಕೂಡತೀನಿ, ಫೋಟೋ ನೋಡಿ ಏನರೆ ಒಂದು ಹೇಳತೀನಿ, ಆಕಿ ರೊಟ್ಟಿ ಬಡಕೊಂತ ಹೂಂ ಅಂತಾಳ.

ಗೇಟ್ ಸಪ್ಪಳಾತು. ವಿಶ್ವರಾಧ್ಯ ಸರ್ ಗಾಡಿ ಬಂತು ಕಾಣತದ. ಚೀಟಿ ನಾನ ಕೊಡ್ತೀನಿ ಅವರಿಗಿ. ನೀವು ಗಡಿ ಅಂತನ ಬರದೀರಿ, ಅದು ನಿಮ್ಮದು ಉಳಿಯಲಿ. ವಿವರಣೆ ಹಾಳಿ ತಂದೀರೇನು? ಬರೀರಿ ಅದರಾಗ, ಪೇಂಟರಿಗಿ ಓದಾಕ ಬರೂದಿಲ್ಲ ಅಂತ. ಬರೀರಿ, ನಾ ಹೇಳಾಕತ್ತೀನಲ್ಲ. ಬರದ ಮ್ಯಾಲ ಒಮ್ಮೆ ನನಗ ಓದಿ ಹೇಳ್ರಿ, ಅಷ್ಟ. ಕೆಳಗ ಸಹಿ ಮಾಡ್ತೀನಿ. ಸಹಿ ಮಾತ್ರ ನಂದು ಬಾಳ ಚಂದ ಬರತದ.